ಮಗುವಿಗೆ ನಾನೇ ಏನಾದರೂ ಮಾಡಿಬಿಡುತ್ತೇನೆಂಬ ಭಯ: ಸಿಬಿಟಿಯಿಂದ ಇದು ವಾಸಿಯಾಗುತ್ತದೆಯೇ?

ಪ್ರಶ್ನೆ: ನನಗೆ 29 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಮಗಳಿಗೆ ಏಳು ತಿಂಗಳು. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಒಂದು ದಿನ ಹುರುಳಿಕಾಯಿ ಹೆಚ್ಚುತ್ತಿದ್ದಾಗ, ಪಕ್ಕದಲ್ಲಿ ಮಲಗಿದ್ದ ಮಗುವಿಗೆ ಇದೇ ಚಾಕುವಿನಿಂದ ಚುಚ್ಚಿಬಿಟ್ಟರೆ ಎಂಬ ಯೋಚನೆ ಬಂದು ಮೈಯೆಲ್ಲ ನಡುಗಿತು. ಅಂದಿನಿಂದ ಆ ದೃಶ್ಯ ದಿನಕ್ಕೆ ಎಷ್ಟು ಸಲ ಕಣ್ಣ ಮುಂದೆ ಬರುತ್ತದೋ ಲೆಕ್ಕವಿಲ್ಲ. ಚಾಕು, ಈಳಿಗೆಮಣೆ, ಕತ್ತರಿ ಎಲ್ಲವನ್ನೂ ಅಟ್ಟದ ಮೇಲೆ ಇಡಿಸಿದ್ದೇನೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಈಗ ಅತ್ತೆಯೇ. ಕೋಣೆಯಲ್ಲಿ ಮಗುವಿನೊಂದಿಗೆ ಒಬ್ಬಳೇ ಇರುವುದಿಲ್ಲ. ಯೋಚನೆ ಬಂದಾಗಲೆಲ್ಲ ದೇವರ ಹೆಸರನ್ನು 21 ಸಲ ಹೇಳುತ್ತೇನೆ, ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ‘ನಾನು ಹಾಗೆ ಮಾಡುವವಳಲ್ಲ ಅಲ್ಲವೇ’ ಎಂದು ಕೇಳಿ ಕೇಳಿ ಗಂಡನಿಗೂ ಸಾಕಾಗಿದೆ. ದೃಷ್ಟಿ ತೆಗೆಸಿದೆವು, ತಾಯತ ಕಟ್ಟಿಸಿದೆವು. ಕೊನೆಗೆ ಮನೋವೈದ್ಯರೊಬ್ಬರು ಇದು ಗೀಳು ಕಾಯಿಲೆ ಎಂದು ಹೇಳಿ ಸರ್ಟ್ರಾಲಿನ್ ಮಾತ್ರೆ ಬರೆದುಕೊಟ್ಟು, ಜೊತೆಗೆ ಸಿಬಿಟಿ (ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮನೋಚಿಕಿತ್ಸೆ) ಮಾಡಿಸಿಕೊಳ್ಳಿ ಎಂದಿದ್ದಾರೆ. ಎದೆಹಾಲು ಕುಡಿಸುತ್ತಿರುವುದರಿಂದ ಮಾತ್ರೆ ಮುಟ್ಟಿಲ್ಲ. ಸಿಬಿಟಿಯಲ್ಲಿ ಚಾಕು ಕೈಗೆ ಕೊಟ್ಟು ಮಗುವಿನ ಪಕ್ಕ ಕೂರಿಸುತ್ತಾರೆ ಎಂದು ಪರಿಚಯದವರೊಬ್ಬರು ಹೇಳಿದ್ದು ಕೇಳಿ ಎದೆ ಒಡೆದುಹೋಯಿತು. ನಾನು ನಿಜಕ್ಕೂ ಅಪಾಯಕಾರಿಯೇ? ಮಾತಿನಿಂದ ಇಂಥದ್ದು ವಾಸಿಯಾಗುತ್ತದೆಯೇ? ಇದನ್ನೆಲ್ಲ ಹೇಳಿಕೊಂಡರೆ ಮಗುವನ್ನು ನನ್ನಿಂದ ದೂರ ಮಾಡುತ್ತಾರೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯೇ ಉಳಿದೆರಡರ ಬೇರು. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಪತ್ರ ಓದಿ ಕಾಯಿಲೆಯನ್ನು ನಿರ್ಣಯಿಸಲು ಯಾರಿಗೂ ಆಗದು. ಆದರೆ ನೀವು ಬರೆದಿರುವ ವಿವರಗಳಿಗೂ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡಿದ ವೈದ್ಯರ ನಿರ್ಣಯಕ್ಕೂ ಪೂರ್ತಿ ಹೊಂದಾಣಿಕೆಯಿದೆ. ಗೀಳು ಕಾಯಿಲೆಯಲ್ಲಿ ಬರುವ ಇಂಥ ಯೋಚನೆಯ ಹಿಂದೆ ಆಸೆಯಾಗಲಿ ಸಂಕಲ್ಪವಾಗಲಿ ಇರುವುದಿಲ್ಲ. ಅದು ಬಂದೊಡನೆ ತಾಯಿ ನಡುಗುತ್ತಾಳೆ, ತನ್ನನ್ನೇ ಶಂಕಿಸುತ್ತಾಳೆ, ಮಗುವನ್ನು ತನ್ನಿಂದಲೇ ಕಾಯಲು ಹೊರಡುತ್ತಾಳೆ. ಈ ನಡುಕವೇ ಕಾಯಿಲೆಯ ಗುರುತು. ಬಾಣಂತಿಯರಲ್ಲಿ ಇಂಥ ಯೋಚನೆಗಳನ್ನು ಅಧ್ಯಯನ ಮಾಡಿದವರಿಗೆ, ಅವು ಮಗುವಿಗೆ ಹಾನಿಯಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ನನ್ನ ವೃತ್ತಿಯಲ್ಲಿಯೂ ಇದೇ ಭಯ ಹೊತ್ತು ಬಂದ ತಾಯಂದಿರಲ್ಲಿ ನಾನು ಕಂಡದ್ದು ಅತಿಯಾದ ಎಚ್ಚರವನ್ನೇ ಹೊರತು ಕ್ರೌರ್ಯವನ್ನಲ್ಲ.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಉಂಟುಮಾಡಬಹುದು. 1978ರಲ್ಲಿ ಸ್ಟ್ಯಾನ್ಲಿ ರಾಕ್ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಯಾವ ಮಾನಸಿಕ ಕಾಯಿಲೆಯೂ ಇಲ್ಲದ ಜನರನ್ನು ಕೇಳಿ ನೋಡಿದಾಗ, ಅವರಲ್ಲಿ ಸುಮಾರು ಶೇಕಡಾ 80ರಷ್ಟು ಮಂದಿಗೆ ಬೇಡದ, ಹೇಸಿಗೆ ಹುಟ್ಟಿಸುವ, ಹಿಂಸೆಯ ಅಥವಾ ಅಪವಿತ್ರ ಯೋಚನೆಗಳು ಆಗಾಗ ಬರುತ್ತವೆ ಎಂದು ತಿಳಿದುಬಂತು. ಆ ಯೋಚನೆಗಳನ್ನೂ ಗೀಳು ರೋಗಿಗಳ ಯೋಚನೆಗಳನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ಗುರುತಿಸುವುದು ಪರಿಣತರಿಗೂ ಸುಲಭವಾಗಲಿಲ್ಲ. ಕೆನಡಾದಲ್ಲಿ ಹೊಸ ತಾಯಂದಿರ ನಡುವೆ ನಡೆದ ಅಧ್ಯಯನದಲ್ಲಿ, ಮಗುವಿಗೆ ಆಕಸ್ಮಿಕವಾಗಿ ಏನಾದರೂ ಆಗಿಬಿಡಬಹುದೆಂಬ ಯೋಚನೆ ಬಹುತೇಕ ಎಲ್ಲರಿಗೂ, ತಾನೇ ಬೇಕೆಂದು ಹಾನಿ ಮಾಡಿಬಿಟ್ಟರೆ ಎಂಬ ಯೋಚನೆ ಸುಮಾರು ಅರ್ಧದಷ್ಟು ತಾಯಂದಿರಿಗೂ ಬಂದಿತ್ತು. ನಿಮ್ಮ ಬೀದಿಯಲ್ಲೇ ಇದನ್ನು ಅನುಭವಿಸಿ ಬಾಯಿಬಿಡದ ತಾಯಂದಿರು ಇರಬಹುದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಹಾಗಿದ್ದರೆ ಅವರಿಗೆ ಬಂದು ಹೋಗುವ ಯೋಚನೆ ನಿಮ್ಮಲ್ಲಿ ಏಕೆ ಬೇರೂರಿತು? ಇದಕ್ಕೆ ಒಂದೇ ಕಾರಣವಿಲ್ಲ. ಗೀಳು ಕಾಯಿಲೆಗೆ ವಂಶದ ಒಲವು ಇರುತ್ತದೆ, ಮಿದುಳಿನ ಕೆಲವು ಮಂಡಲಗಳ ಕಾರ್ಯದಲ್ಲಿ ವ್ಯತ್ಯಾಸ ಇರುತ್ತದೆ, ಹೆರಿಗೆಯ ನಂತರದ ತಿಂಗಳುಗಳು ಅದು ತಲೆಯೆತ್ತಲು ಅಥವಾ ಹೆಚ್ಚಾಗಲು ಅನುಕೂಲವಾದ ಕಾಲ. ನಿದ್ದೆಗೆಟ್ಟ ದೇಹ, ಒಂದು ಜೀವದ ಸಂಪೂರ್ಣ ಹೊಣೆ, ತಾಯಿಯೆಂದರೆ ಹೀಗೇ ಇರಬೇಕೆಂಬ ಸುತ್ತಲಿನವರ ನಿರೀಕ್ಷೆ ಎಲ್ಲವೂ ಒಟ್ಟಿಗೆ ಸೇರುತ್ತವೆ. ಬ್ರಿಟನ್ನಿನ ಪಾಲ್ ಸಾಲ್ಕೋವ್ಸ್ಕಿಸ್ 1985ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ಬಹಳ ಉಪಯುಕ್ತ. ಬೇಡದ ಯೋಚನೆ ಯಾರಿಗಾದರೂ ಬರುತ್ತದೆ. ಆದರೆ ಅದು ಬಂದದ್ದಕ್ಕೆ ನಾನೇ ಹೊಣೆ, ಅದನ್ನು ತಡೆಯದಿದ್ದರೆ ನಡೆಯುವ ಅನಾಹುತಕ್ಕೂ ನಾನೇ ಹೊಣೆ ಎಂದು ಯಾರು ಅರ್ಥಮಾಡಿಕೊಳ್ಳುತ್ತಾರೋ ಅವರಲ್ಲಿ ಅದು ಗೀಳಾಗುತ್ತದೆ. ಅದಕ್ಕೇ ಗೀಳು ಮನುಷ್ಯನಿಗೆ ಅತ್ಯಂತ ಪ್ರಿಯವಾದ ಜಾಗವನ್ನೇ ಹಿಡಿಯುತ್ತದೆ. ದೈವಭಕ್ತರಿಗೆ ದೇವರ ಮನೆಯಲ್ಲಿಯೇ ಕೆಟ್ಟ ಬೈಗುಳ ನೆನಪಾಗುತ್ತದೆ, ಮಡಿವಂತರಿಗೆ ಮೈಲಿಗೆಯಾಯಿತೆಂಬ ಶಂಕೆ ಬಿಡುವುದಿಲ್ಲ, ಮಗುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ನೋಡುವ ತಾಯಿಗೆ ಚಾಕು ಕಾಣುತ್ತದೆ.

ಇಲ್ಲಿಂದ ಮುಂದೆ ನಡೆಯುವುದೇ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯ. ಯೋಚನೆ ಬಂದಾಗ ನೀವು 21 ಸಲ ನಾಮ ಹೇಳುತ್ತೀರಿ, ಭಯ ಇಳಿಯುತ್ತದೆ. ಗಂಡ ‘ಇಲ್ಲ, ನೀನು ಹಾಗಲ್ಲ’ ಎನ್ನುತ್ತಾರೆ, ಭಯ ಇಳಿಯುತ್ತದೆ. ಚಾಕು ಅಟ್ಟಕ್ಕೆ ಹೋಗುತ್ತದೆ, ಭಯ ಇಳಿಯುತ್ತದೆ. ಪ್ರತಿ ಬಾರಿಯೂ ಮಿದುಳು ಕಲಿಯುವ ಪಾಠವೆಂದರೆ, ಅಪಾಯ ನಿಜವಾಗಿತ್ತು, ಈ ಉಪಾಯ ಮಾಡಿದ್ದರಿಂದ ಮಾತ್ರ ಮಗು ಉಳಿಯಿತು ಎಂಬುದು. ಉಪಾಯ ಮಾಡದಿದ್ದರೂ ಮಗುವಿಗೆ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶ ಒಮ್ಮೆಯೂ ಸಿಗುವುದಿಲ್ಲ. ಆದ್ದರಿಂದಲೇ ಸಮಾಧಾನ ಕೆಲವು ನಿಮಿಷ ಮಾತ್ರ ಉಳಿದು, ಮುಂದಿನ ಯೋಚನೆ ಇನ್ನಷ್ಟು ಬಲವಾಗಿ ಬರುತ್ತದೆ. ಯೋಚನೆಯನ್ನೇ ಬಲವಂತದಿಂದ ತಡೆಯುವುದೂ ಇದೇ ಫಲ ಕೊಡುತ್ತದೆ. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬಾರದು ಎಂದು ಹೇಳಿಸಿಕೊಂಡವನ ಪಾಡು ನಮ್ಮಲ್ಲಿ ಎಲ್ಲರಿಗೂ ಗೊತ್ತು. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿ ಇದನ್ನೇ ಪ್ರಯೋಗದಲ್ಲಿ ತೋರಿಸಿದರು.

ಈಗ ಸಿಬಿಟಿಯ ವಿಷಯ. ಅದನ್ನು ಧೈರ್ಯ ಹೇಳುವುದು, ಬುದ್ಧಿ ಹೇಳುವುದು, ಒಳ್ಳೆಯದನ್ನೇ ಯೋಚಿಸಲು ಕಲಿಸುವುದು ಎಂದು ತಿಳಿದವರು ಬಹಳ. ನಿಮಗೆ ಬೇಕಾದದ್ದು ಅದಲ್ಲ, ಮತ್ತು ಹಾಗೆ ಮಾಡಿದರೆ ನಿಮ್ಮ ಕಾಯಿಲೆ ಹೆಚ್ಚಾಗಬಹುದು. ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ರೂಪಿಸಿದ ಪದ್ಧತಿಯಲ್ಲಿ ‘ನಾನು ಯಾವುದಕ್ಕೂ ಬಾರದವನು’ ಎಂಬಂಥ ಯೋಚನೆಗೆ ಪುರಾವೆ ಏನಿದೆ ಎಂದು ಪರೀಕ್ಷಿಸುವುದು ಮುಖ್ಯ ಸಾಧನ. ಗೀಳಿನಲ್ಲಿ ಅದೇ ಸಾಧನವನ್ನು ಕಣ್ಣುಮುಚ್ಚಿ ಬಳಸಿದರೆ, ‘ನಾನು ಒಳ್ಳೆಯ ತಾಯಿ ಎಂಬುದಕ್ಕೆ ಹತ್ತು ಪುರಾವೆ’ ಎಂಬ ಪಟ್ಟಿಯೇ ರೋಗಿಗೆ ಇನ್ನೊಂದು ಜಪವಾಗಿಬಿಡುತ್ತದೆ. ಯೋಚನೆ ಬಂದಾಗ ಕೈಗೆ ಕಟ್ಟಿದ ರಬ್ಬರ್ ಬ್ಯಾಂಡ್ ಎಳೆದುಕೊಂಡು ‘ನಿಲ್ಲು’ ಎನ್ನಿ ಎಂಬ ಹಳೆಯ ಸಲಹೆಯನ್ನು ಈಗಲೂ ಕೊಡುವವರಿದ್ದಾರೆ. ಅದನ್ನು ದಯವಿಟ್ಟು ಪಾಲಿಸಬೇಡಿ.

ಗೀಳಿಗೆ ಪ್ರಯೋಜನವಿದೆಯೆಂದು ಚೆನ್ನಾಗಿ ಪರೀಕ್ಷೆಗೊಳಗಾಗಿರುವ ಸಿಬಿಟಿಯ ಬಗೆಯನ್ನು ಇಆರ್‌ಪಿ ಎನ್ನುತ್ತಾರೆ. ಭಯ ಹುಟ್ಟಿಸುವ ಸನ್ನಿವೇಶಕ್ಕೆ ಬೇಕೆಂದೇ ಮುಖಾಮುಖಿಯಾಗುವುದು ಮತ್ತು ಆಗ ಮಾಡುತ್ತಿದ್ದ ಉಪಾಯವನ್ನು ಮಾಡದಿರುವುದು, ಇವೆರಡೂ ಸೇರಿ ಇಆರ್‌ಪಿ. ಇದರ ಆರಂಭವನ್ನು ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ಇಬ್ಬರು ರೋಗಿಗಳ ವರದಿಯಲ್ಲಿ ಗುರುತಿಸುತ್ತಾರೆ. ಬೇರೆ ಬೇರೆ ಚಿಕಿತ್ಸೆಗಳಿಂದ ಗುಣ ಕಾಣದಿದ್ದ ಅವರನ್ನು ಆಸ್ಪತ್ರೆಯಲ್ಲಿಟ್ಟುಕೊಂಡು, ಅವರ ಗೀಳಿನ ವಿಧಿಗಳನ್ನು ನಡೆಸಲು ಬಿಡದೆ ನೋಡಿದಾಗ ಇಬ್ಬರೂ ಗಮನಾರ್ಹವಾಗಿ ಚೇತರಿಸಿಕೊಂಡರು. ಅಲ್ಲಿಯವರೆಗೆ ಗುಣವಾಗದ ಕಾಯಿಲೆ ಎಂದೇ ಹೆಸರಾಗಿದ್ದ ಗೀಳಿಗೆ ಅದೊಂದು ತಿರುವು. ಈಗ ಅದನ್ನು ಬಲವಂತವಿಲ್ಲದೆ, ರೋಗಿಯ ಒಪ್ಪಿಗೆಯ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ ಮಾಡುತ್ತಾರೆ.

ನಿಮ್ಮ ವಿಷಯದಲ್ಲಿ ಅದು ಹೇಗೆ ನಡೆದೀತೆಂದು ಹೇಳುತ್ತೇನೆ. ಮೊದಲ ಎರಡು ಮೂರು ಭೇಟಿಗಳಲ್ಲಿ ಮಾತೇ ಹೆಚ್ಚು. ಯಾವ ಯೋಚನೆ, ಯಾವಾಗ, ಆಗ ಏನು ಮಾಡುತ್ತೀರಿ, ಏನನ್ನು ತಪ್ಪಿಸುತ್ತೀರಿ ಎಂಬುದನ್ನೆಲ್ಲ ವಿವರವಾಗಿ ಕೇಳುತ್ತಾರೆ. ಮನಸ್ಸಿನೊಳಗೇ ನಡೆಯುವ ಉಪಾಯಗಳನ್ನು, ಉದಾಹರಣೆಗೆ ಮಗುವನ್ನು ಕಂಡಾಗ ನನ್ನಲ್ಲಿ ಪ್ರೀತಿ ಉಕ್ಕಿತೇ ಎಂದು ಪರೀಕ್ಷಿಸಿಕೊಳ್ಳುವುದನ್ನು, ನುರಿತವರು ಬಿಡದೆ ಹುಡುಕುತ್ತಾರೆ, ಏಕೆಂದರೆ ಅವು ಹೊರಗೆ ಕಾಣದೆ ಚಿಕಿತ್ಸೆಯನ್ನು ಕೆಡಿಸುತ್ತವೆ. ನಂತರ ಭಯದ ಸನ್ನಿವೇಶಗಳಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಏಣಿಯಂತೆ ಜೋಡಿಸುತ್ತೀರಿ. ‘ಚಾಕು’ ಎಂಬ ಪದವನ್ನು ಕಾಗದದಲ್ಲಿ ಬರೆಯುವುದು ನಿಮಗೆ 20 ಇರಬಹುದು, ಮಗು ಮತ್ತೊಂದು ಕೋಣೆಯಲ್ಲಿರುವಾಗ ತರಕಾರಿ ಹೆಚ್ಚುವುದು 45, ಮಗುವಿಗೆ ಒಬ್ಬರೇ ಸ್ನಾನ ಮಾಡಿಸುವುದು 70, ಮಗು ಅದೇ ಕೋಣೆಯ ತೊಟ್ಟಿಲಲ್ಲಿರುವಾಗ ಹೆಚ್ಚುವುದು 90. ಕೆಳಗಿನಿಂದ ಶುರು ಮಾಡಿ ಪ್ರತಿಯೊಂದನ್ನೂ ನಾಮ ಹೇಳದೆ, ಗಂಡನನ್ನು ಕೇಳದೆ, ಮತ್ತೆ ಮತ್ತೆ ಮಾಡುತ್ತೀರಿ. ಭಯ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಅನೇಕ ಸಲ ತಾನಾಗಿ ಇಳಿಯುತ್ತದೆ. ಇಳಿಯದಿದ್ದ ದಿನವೂ ವ್ಯರ್ಥವಲ್ಲ. ಅಷ್ಟು ಭಯವಿದ್ದರೂ ನಿಮ್ಮ ಕೈ ಏನೂ ಮಾಡಲಿಲ್ಲ ಎಂಬ ಅನುಭವ ಉಳಿಯುತ್ತದೆ, ಆ ಅನುಭವವೇ ಔಷಧ. ವಾರಕ್ಕೊಮ್ಮೆ ಅಥವಾ ಎರಡು ಸಲ, ಒಂದರಿಂದ ಒಂದೂವರೆ ಗಂಟೆಯಂತೆ, ಸಾಮಾನ್ಯವಾಗಿ 12ರಿಂದ 20 ಭೇಟಿಗಳು ಬೇಕಾಗುತ್ತವೆ, ನಡುವೆ ಪ್ರತಿದಿನ ಮನೆಯಲ್ಲಿ ಅಭ್ಯಾಸವಿರುತ್ತದೆ.

ನಿಮ್ಮನ್ನು ಹೆದರಿಸಿದ ಮಾತಿಗೆ ಇಲ್ಲಿಯೇ ಉತ್ತರವಿದೆ. ಮೊದಲ ದಿನವೇ ಕೈಗೆ ಚಾಕು ಕೊಟ್ಟು ಕೂರಿಸುವುದಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಯಾವ ಮೆಟ್ಟಿಲನ್ನೂ ಹತ್ತಿಸುವುದಿಲ್ಲ. ಏಣಿಯ ತುದಿಯಲ್ಲಿರುವುದು ಎಲ್ಲ ತಾಯಂದಿರೂ ದಿನಾ ಮಾಡುವ ಕೆಲಸವೇ ಹೊರತು ಸಾಹಸವಲ್ಲ. ಮಗುವಿನ ಸುರಕ್ಷತೆಯ ಸಾಮಾನ್ಯ ನಿಯಮಗಳು ಹಾಗೆಯೇ ಇರುತ್ತವೆ, ಚಾಕುವನ್ನು ಮಗುವಿನ ಕೈಗೆಟುಕುವಂತೆ ಇಡಲು ಯಾರೂ ಹೇಳುವುದಿಲ್ಲ. ನಿಮ್ಮ ಪೂಜೆ, ಬೆಳಗಿನ ದೀಪ, ಸ್ತೋತ್ರ ಯಾವುದನ್ನೂ ಬಿಡಬೇಕಾಗಿಲ್ಲ. ಯೋಚನೆಯನ್ನು ಅಳಿಸಲೆಂದು, ಎಣಿಸಿ, ತಪ್ಪಿದರೆ ಮೊದಲಿನಿಂದ ಹೇಳುವ ನಾಮವನ್ನು ಮಾತ್ರ ನಿಲ್ಲಿಸಬೇಕು. ಇವೆರಡರ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ರೋಗಿಗಳಿಗೇ ಚೆನ್ನಾಗಿ ತಿಳಿದಿರುತ್ತದೆ. ಭಕ್ತಿಯಿಂದ ಹೇಳಿದ ನಾಮ ಒಮ್ಮೆ ತಪ್ಪಿದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಈ ಚಿಕಿತ್ಸೆಗೂ ಮಿತಿಗಳಿವೆ. ಮೊದಲ ಕೆಲವು ವಾರ ಆತಂಕ ಹೆಚ್ಚಾಗುತ್ತದೆ, ಅದನ್ನು ಮೊದಲೇ ಹೇಳದ ಚಿಕಿತ್ಸಕರು ನಿಮಗೆ ಅನ್ಯಾಯ ಮಾಡುತ್ತಾರೆ. ಈ ಭಯದಿಂದಲೇ ಸಾಕಷ್ಟು ಮಂದಿ ಆರಂಭಿಸಲು ಹಿಂಜರಿಯುತ್ತಾರೆ ಅಥವಾ ನಡುವೆ ಬಿಡುತ್ತಾರೆ. ಪೂರ್ತಿಗೊಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಗಣನೀಯ ಸುಧಾರಣೆ ಕಾಣುತ್ತದೆ, ಉಳಿದವರಿಗೆ ಸ್ವಲ್ಪ ಲಾಭವಾಗಬಹುದು ಅಥವಾ ಆಗದಿರಬಹುದು. ಸುಧಾರಣೆ ಎಂದರೆ ಯೋಚನೆ ಮತ್ತೆಂದೂ ಬಾರದಿರುವುದಲ್ಲ. ಅದು ಬಂದಾಗ ಕೈಯಲ್ಲಿರುವ ಕೆಲಸ ನಿಲ್ಲದಿರುವುದು. ತೀವ್ರ ಖಿನ್ನತೆ ಜೊತೆಗಿದ್ದರೆ, ದಿನದ ಬಹುಪಾಲು ಗೀಳಿನಲ್ಲೇ ಕಳೆಯುತ್ತಿದ್ದರೆ, ಬರೀ ಇಆರ್‌ಪಿ ಸಾಲುವುದಿಲ್ಲ.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ನಾನು ಮನಶ್ಶಾಸ್ತ್ರಜ್ಞ, ಮಾತ್ರೆ ಬರೆಯುವವನಲ್ಲ; ಆದರೆ ಮನೋವೈದ್ಯರ ಜೊತೆ ಕೆಲಸ ಮಾಡುವವನಾಗಿ ಇಷ್ಟು ಹೇಳಬಲ್ಲೆ. ಸರ್ಟ್ರಾಲಿನ್ ಎದೆಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆ, ಹಾಲೂಡಿಸುವ ತಾಯಂದಿರಿಗೆ ಖಿನ್ನತೆ, ಗೀಳುಗಳಿಗೆ ಕೊಡುವ ಈ ಗುಂಪಿನ ಔಷಧಗಳಲ್ಲಿ ಮೊದಲು ಆರಿಸುವುದು ಸಾಮಾನ್ಯವಾಗಿ ಅದನ್ನೇ. ನಿಮ್ಮ ವೈದ್ಯರಿಗೆ ನೀವು ಹಾಲು ಕೊಡುತ್ತಿರುವುದು ಗೊತ್ತಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಮಗು ಅತಿಯಾಗಿ ನಿದ್ದೆ ಮಾಡುವುದು, ಹಾಲು ಸರಿಯಾಗಿ ಕುಡಿಯದಿರುವುದು, ವಿಪರೀತ ಕಿರಿಕಿರಿ ಮಾಡುವುದು ಕಂಡರೆ ತಿಳಿಸಿ. ಗೀಳಿಗೆ ಈ ಮಾತ್ರೆ ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯಬಹುದು, ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಹದಿನೈದು ದಿನ ನುಂಗಿ ಗುಣವಿಲ್ಲವೆಂದು ಬಿಡುವವರನ್ನು ನಾವು ಬಹಳ ಕಾಣುತ್ತೇವೆ. ಆರಂಭದಲ್ಲಿ ಓಕರಿಕೆ, ಭೇದಿ, ಚಡಪಡಿಕೆ ಇರಬಹುದು. ಇದು ಚಟ ಹಿಡಿಸುವ ಮಾತ್ರೆಯಲ್ಲ, ಆದರೂ ಒಮ್ಮೆಲೇ ನಿಲ್ಲಿಸಬಾರದು. ಔಷಧದಂಗಡಿಯವರು ಅಥವಾ ನೆಂಟರು ಕೊಡುವ ಆಲ್ಪ್ರಜೋಲಂ, ಕ್ಲೋನಜೆಪಾಂ ಎಂಬ ಆತಂಕದ ಮಾತ್ರೆಗಳು ಬೇರೆ ಜಾತಿಯವು: ತಕ್ಷಣ ಶಮನ ಕೊಡುತ್ತವೆ, ಅಭ್ಯಾಸವಾಗುತ್ತವೆ, ಹಾಲು ಕುಡಿಯುವ ಮಗುವಿಗೆ ಮಂಪರು ತರಬಹುದು, ಮತ್ತು ಇಆರ್‌ಪಿಯಲ್ಲಿ ಕಲಿಯಬೇಕಾದ ಪಾಠಕ್ಕೂ ಅಡ್ಡ ಬರುತ್ತವೆ. ಅವುಗಳಿಂದ ದೂರವಿರಿ.

ಹೀಗೆ ನಿಮ್ಮ ಮುಂದೆ ಇರುವುದು ಇಆರ್‌ಪಿ ಮಾತ್ರ, ಮಾತ್ರೆ ಮಾತ್ರ, ಅಥವಾ ಎರಡೂ ಎಂಬ ಮೂರು ದಾರಿಗಳು. ಕಾಯಿಲೆ ಹಗುರವಾಗಿದ್ದು ಒಳ್ಳೆಯ ಚಿಕಿತ್ಸಕರು ಸಿಕ್ಕರೆ ಮೊದಲನೆಯದು ಸಾಕಾಗಬಹುದು, ಅದರ ಲಾಭ ಚಿಕಿತ್ಸೆ ಮುಗಿದ ಮೇಲೂ ಉಳಿಯುತ್ತದೆ. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ನಿಲ್ಲಿಸಿದ ನಂತರ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ನೀವು ಮಗುವಿನ ಜೊತೆ ಒಬ್ಬರೇ ಇರಲಾಗದ ಸ್ಥಿತಿಗೆ ಬಂದಿದ್ದೀರಿ, ಚಿಕಿತ್ಸಕರನ್ನು ಹುಡುಕಲು ಸಮಯ ಹಿಡಿಯಬಹುದು. ಇದನ್ನೆಲ್ಲ ನೋಡಿದರೆ ನಿಮ್ಮ ವೈದ್ಯರು ಎರಡನ್ನೂ ಸೂಚಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಇದೇ ಹೊತ್ತಿಗೆ ಒಂದು ಎಚ್ಚರಿಕೆಯನ್ನು, ನಿಮಗಿಂತ ಹೆಚ್ಚಾಗಿ ಇದನ್ನು ಓದುತ್ತಿರುವ ಬೇರೆ ಕುಟುಂಬಗಳಿಗಾಗಿ ಹೇಳಬೇಕು. ಹೆರಿಗೆಯ ನಂತರ, ಹೆಚ್ಚಾಗಿ ಮೊದಲ ಎರಡು ಮೂರು ವಾರಗಳಲ್ಲಿ, ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಬಾಣಂತಿ ಸನ್ನಿ ಬೇರೆಯದೇ ಕಾಯಿಲೆ. ಅಲ್ಲಿ ತಾಯಿಗೆ ದಿನಗಟ್ಟಲೆ ನಿದ್ದೆಯೇ ಬೇಕೆನಿಸುವುದಿಲ್ಲ, ಗೊಂದಲ, ಅಸಂಬದ್ಧ ಮಾತು ಕಾಣುತ್ತದೆ, ಯಾರೋ ಆಜ್ಞೆ ಕೊಟ್ಟಂತೆ ದನಿ ಕೇಳಿಸುತ್ತದೆ, ಮಗುವಿನೊಳಗೆ ದೆವ್ವವಿದೆ ಎಂಬಂಥ ದೃಢ ನಂಬಿಕೆ ಹುಟ್ಟುತ್ತದೆ. ಆ ಯೋಚನೆ ತಾಯಿಗೆ ಭಯ ತರುವ ಬದಲು ಸರಿಯೆಂದೇ ತೋರುತ್ತದೆ. ಅಂಥ ಲಕ್ಷಣ ಕಂಡರೆ ತಾಯಿ ಮಗು ಇಬ್ಬರನ್ನೇ ಒಂಟಿಯಾಗಿ ಬಿಡದೆ, ತಾಯಿಯನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬದುಕುವುದೇ ಬೇಡ ಎಂಬ ಯೋಚನೆ ಯಾವ ತಾಯಿಗೆ ಬಂದರೂ ಅಷ್ಟೇ ತುರ್ತು. ಅದು ನಿಮಗೆ ಬಂದಿದ್ದರೆ ದಯವಿಟ್ಟು ಇಂದೇ ಗಂಡನಿಗೆ ಮತ್ತು ವೈದ್ಯರಿಗೆ ಹೇಳಿ.

ಮಗುವನ್ನು ದೂರ ಮಾಡುತ್ತಾರೆಂಬ ಭಯದಿಂದಲೇ ಎಷ್ಟೋ ತಾಯಂದಿರು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಗೀಳಿನ ಯೋಚನೆಗಳನ್ನು ಹೇಳಿಕೊಂಡ ಕಾರಣಕ್ಕೆ ಮಗುವನ್ನು ತಾಯಿಯಿಂದ ಬೇರ್ಪಡಿಸುವುದು ಚಿಕಿತ್ಸೆಯೂ ಅಲ್ಲ, ಅಗತ್ಯವೂ ಅಲ್ಲ. ಅದು ಕಾಯಿಲೆಯ ಸುಳ್ಳಿಗೆ ನಾವೇ ಸಾಕ್ಷಿ ಹೇಳಿದಂತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ಹೇಳುತ್ತದೆ. ತಾಯಿ ಆಸ್ಪತ್ರೆಗೆ ದಾಖಲಾದಾಗಲೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರ್ಪಡಿಸಬಾರದು ಎಂಬುದೂ ಅದೇ ಕಾಯ್ದೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವೇ ಇದೆ.

ಚಿಕಿತ್ಸಕರನ್ನು ಹುಡುಕುವುದು ನಿಜಕ್ಕೂ ಕಷ್ಟದ ಭಾಗ. ಆಪ್ತಸಮಾಲೋಚಕರೆಂಬ ಫಲಕ ಹಾಕಿಕೊಂಡವರೆಲ್ಲ ಇಆರ್‌ಪಿ ಕಲಿತವರಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಚಿಕಿತ್ಸಾ ಮನಶ್ಶಾಸ್ತ್ರಜ್ಞರೇ ಎಂದು ಮೊದಲು ಕೇಳಿ. ಗೀಳು ರೋಗಿಗಳಿಗೆ ಇಆರ್‌ಪಿ ಮಾಡಿಸಿದ್ದೀರಾ, ಮನೆ ಅಭ್ಯಾಸ ಕೊಡುತ್ತೀರಾ ಎಂದು ನಂತರ ಕೇಳಿ. ಉತ್ತರವಾಗಿ ಬರೀ ಉಸಿರಾಟದ ಅಭ್ಯಾಸ, ಸಂಮೋಹನ ಎಂದರೆ ಬೇರೆಯವರನ್ನು ನೋಡಿ. ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ವಿಶೇಷ ಕ್ಲಿನಿಕ್ ಇದೆ. ಒಮ್ಮೆ ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಮುಂದಿನ ಭೇಟಿಗಳನ್ನು ವಿಡಿಯೊ ಮೂಲಕ ನಡೆಸಲು ಸಾಧ್ಯವೇ ಎಂದು ವಿಚಾರಿಸಬಹುದು. ನಿಮ್ಮಂಥವರಿಗೆ ವಿಡಿಯೊ ಭೇಟಿಯಿಂದ ಒಂದು ಅನುಕೂಲವೂ ಇದೆ: ಭಯವಿರುವುದು ನಿಮ್ಮ ಅಡುಗೆಮನೆಯಲ್ಲಿ, ಅಭ್ಯಾಸವೂ ಅಲ್ಲೇ ನಡೆಯುತ್ತದೆ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು, ಹತ್ತಿರದ ಸರ್ಕಾರಿ ಸೇವೆ ಎಲ್ಲಿದೆ ಎಂದೂ ಕೇಳಬಹುದು.

ನಿಮ್ಮ ಪತಿಗೂ ಒಂದು ಮಾತು. ‘ನೀನು ಹಾಗೆ ಮಾಡುವುದಿಲ್ಲ’ ಎಂಬ ನಿಮ್ಮ ಉತ್ತರ ಪ್ರೀತಿಯಿಂದ ಬಂದದ್ದು, ಆದರೆ ಅದು 21 ನಾಮದ ಕೆಲಸವನ್ನೇ ಮಾಡುತ್ತಿದೆ. ನಾಳೆಯಿಂದಲೇ ಮುಖ ತಿರುಗಿಸಿಕೊಂಡು ಉತ್ತರಿಸದೆ ಕೂರಬೇಡಿ. ಚಿಕಿತ್ಸೆ ಶುರುವಾದ ಮೇಲೆ ಇಬ್ಬರೂ ಮೊದಲೇ ಮಾತಾಡಿಕೊಂಡು, ನಿಮ್ಮ ಪತ್ನಿ ಕೇಳಿದಾಗ ‘ಇದು ಗೀಳಿನ ಪ್ರಶ್ನೆಯಿರಬೇಕು, ಕಷ್ಟವಾಗುತ್ತಿದೆ ಎಂದು ಗೊತ್ತು, ನಾನಿಲ್ಲಿಯೇ ಇದ್ದೇನೆ’ ಎಂದಷ್ಟೇ ಹೇಳುವ ಒಪ್ಪಂದ ಮಾಡಿಕೊಳ್ಳಿ. ಅತ್ತೆಯವರು ಮಗುವಿನ ಕೆಲಸವನ್ನು ಒಂದೊಂದಾಗಿ ಸೊಸೆಗೆ ಬಿಟ್ಟುಕೊಡುವುದೂ ಚಿಕಿತ್ಸಕರು ಹೇಳಿದ ಕ್ರಮದಲ್ಲೇ ಆಗಲಿ. ತಾಯತ ಬಿಚ್ಚಲೇಬೇಕೆಂದು ಯಾರೂ ಹಠ ಮಾಡಬೇಕಾಗಿಲ್ಲ, ಅದನ್ನು ಮುಟ್ಟಿ ಮುಟ್ಟಿ ಧೈರ್ಯ ತಂದುಕೊಳ್ಳುವುದು ಕಂಡುಬಂದರೆ ಮಾತ್ರ ಚಿಕಿತ್ಸಕರಿಗೆ ತಿಳಿಸಿ.

ಗುಣವಾದ ಮೇಲೂ ನಿದ್ದೆಗೆಟ್ಟಾಗ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ, ಯೋಚನೆ ಮತ್ತೆ ಜೋರಾಗಿ ಬರಬಹುದು. ಆಗ ಏಣಿಯ ಒಂದೆರಡು ಮೆಟ್ಟಿಲನ್ನು ಮತ್ತೊಮ್ಮೆ ಅಭ್ಯಾಸ ಮಾಡಬೇಕಾಗುತ್ತದೆ. ಮಾತ್ರೆ ತೆಗೆದುಕೊಂಡರೆ, ಗುಣ ಕಂಡ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಇನ್ನೊಂದು ಮಗುವಿನ ಯೋಚನೆ ಇದ್ದರೆ ಗರ್ಭ ಧರಿಸುವ ಮೊದಲೇ ಮನೋವೈದ್ಯರನ್ನು ಭೇಟಿಯಾಗಿ, ಹೆರಿಗೆ ವೈದ್ಯರಿಗೂ ಈ ಕಾಯಿಲೆಯ ವಿಷಯ ತಿಳಿಸಿ, ಬಾಣಂತನದ ತಿಂಗಳುಗಳಲ್ಲಿ ರಾತ್ರಿ ನಿದ್ದೆಗೆ ಯಾರು ನೆರವಾಗುತ್ತಾರೆ ಎಂಬುದನ್ನು ಮನೆಯಲ್ಲಿ ಮೊದಲೇ ನಿರ್ಧರಿಸಿಕೊಳ್ಳಿ.